ಏಳನೆಯ ಕಾಲಮ್ಮು

ಚಿಂಚೋಳಿ ಕಚೇರಿಯಲ್ಲಿ ಕೊಟ್ಟ ಫಾರಮ್ಮಿಗೆ
ಹನ್ನೊಂದು ಕಾಲಮ್ಮು.
ಎತ್ತರ, ಸುತ್ತಳತೆ, ಎಲೆಯ ಆಕಾರ, ಹೂವಿನ ಬಣ್ಣ.
ಏಳನೆಯದು: ಸ್ಥಳೀಯ ಹೆಸರು.

ಕುಂಚಾವರಂ ದಾಟಿ, ಕೆಂಪುಕಲ್ಲಿನ ದಿನ್ನೆ ಹತ್ತಿ
ವಾಚರ್ ಖಾಜಾ ಹುಸೇನಿ ಮುಂದೆ, ನಾನು ಹಿಂದೆ,
ನನ್ನ ಹಿಂದೆ ಟೇಪು ಎಳಕೊಂಡು ಬರುವ ಅವನ ಮಗ.
ಚೈತ್ರದ ಬಿಸಿಲು.
ತೇಗದ ಒಣ ಎಲೆ ಕಾಲಡಿ ಹಪ್ಪಳದಂತೆ ಮುರಿದು
ನಾವು ಬರುವ ಸುದ್ದಿಯನ್ನು
ಕಾಡಿಗೆಲ್ಲ ಮೊದಲೇ ಮುಟ್ಟಿಸುತ್ತಿತ್ತು.

ಉಳಿದದ್ದೆಲ್ಲ ಬತ್ತಲೆ ನಿಂತ ಆ ಹೊತ್ತಿನಲ್ಲಿ
ಇದೊಂದು, ಸೊಂಟದೆತ್ತರದ ಪೊದೆ,
ಮಳೆಯ ಅಪ್ಪಣೆಗೆ ಕಾಯದೆ ಚಿಗುರಿ ಕೂತಿತ್ತು.
ತುದಿಯೆಲ್ಲ ತಾಮ್ರ. ಹಸುಗೂಸಿನ ಕಿವಿಯಷ್ಟು ತೆಳು.
ಬೆಳಕಿಗೆ ಹಿಡಿದರೆ
ಎಲೆಯ ಆಚೆ ನನ್ನದೇ ಬೆರಳು.

'ಇದೇನು ಹುಸೇನಿ?'
'ಗಿಡ ಅದ ರೀ ಮೇಡಮ್.'
ಇಪ್ಪತ್ತೆರಡು ವರ್ಷ ಕಾಡು ಕಾದವನ ಉತ್ತರ.
'ಆಡು ತಿಂತಾವೇನು?'
'ಆಡು ಏನ್ ತಿನ್ನಲ್ಲ ಹೇಳ್ರಿ.'

ಗೊತ್ತಿದ್ದವಳು ದಿನ್ನೆಯ ಆ ಕಡೆ ಇದ್ದಳು, ಬೆನ್ನು ಮಾಡಿ.
ತಾಂಡಾದ ಝಮಲಿಬಾಯಿ.
ಸೊಂಟಕ್ಕೆ ಕಟ್ಟಿದ ಓಢಣಿಯ ಜೋಳಿಗೆ,
ಕೈ ಆಡುವುದು ಕಾಣುತ್ತಿರಲಿಲ್ಲ, ಚಿಟ್ ಚಿಟ್ ಮಾತ್ರ ಕೇಳುತ್ತಿತ್ತು.
ಒಂದು ಟೊಂಗೆಗೆ ಎರಡೇ ಎಲೆ.
ಮೂರನೆಯದರ ಹತ್ತಿರ ಬೆರಳು ಹೋಗುತ್ತಲೇ ಇರಲಿಲ್ಲ.

'ಅದ್ಯಾಕ ಬಿಟ್ಟಿ?'
'ಮೂರನೇದು ಆಗಲೇ ಗಿಡದ ಮಾತು ಕೇಳ್ಯಾದ.
ಕಹಿ ಆಗ್ಯಾದ.'

ಎರಡನೆಯದನ್ನು ಬಾಯಿಗೆ ಹಾಕಿಕೊಂಡೆ.
ಮೊದಲು ಹುಳಿ, ಪುಂಡಿಯ ಹುಳಿ ಅಲ್ಲ, ಅದಕ್ಕಿಂತ ನಾಚಿಕೆಯದು.
ಆಮೇಲೆ ಏನೂ ಇಲ್ಲ.
ಆಮೇಲೆ ಕುಡಿದ ಬಾಟಲಿಯ ಬಿಸಿನೀರು
ಯಾಕೋ ಸಿಹಿ.

ಪೆನ್ನಿನ ಮುಚ್ಚಳ ತೆಗೆದೆ. 'ಇದರ ಹೆಸರು?'
ಅವಳು ನಕ್ಕಾಗ ಕೆನ್ನೆ ಪಕ್ಕದ ಬೆಳ್ಳಿ ಘುಗ್ರಿಗಳೂ ನಕ್ಕವು.
'ಹೇಳಿದ್ರ ಬರಕೋತೀರಿ.
ಬರಕೊಂಡ್ರ ಬೋರ್ಡ್ ನೆಡ್ತೀರಿ.
ಬೋರ್ಡ್ ನೆಟ್ರ ತಂತಿ ಎಳೀತೀರಿ.
ನಮ್ಮತ್ತಿ ಒಬ್ಬ ಸಾಹೇಬಗ
ಒಂದು ಗಡ್ಡಿ ಹೆಸರು ಹೇಳಿದ್ಳು.
ಈಗ ಹೆಸರು ಅದ. ಗಡ್ಡಿ ಇಲ್ಲ.'

ಹುಸೇನಿ ಟೇಪು ಸುತ್ತುತ್ತ ಬೇರೆಲ್ಲೋ ನೋಡಿದ.
ಆ ತಂತಿ ಎಳೆದವರಲ್ಲಿ ಅವನೂ ಇದ್ದನೇನೊ.

ಹೆಸರು ಕೊಡದವಳು ಎಲೆ ಕೊಟ್ಟಳು,
ನನ್ನ ಟಿಫಿನ್ ಡಬ್ಬಿಯ ಅರ್ಧ ರೊಟ್ಟಿಯ ಪಕ್ಕ ಎರಡು ಹಿಡಿ.
'ತೊಗರಿಬ್ಯಾಳಿ ಹಾಕ್ರಿ, ಬಳ್ಳೊಳ್ಳಿ ಜಜ್ಜಿ ಹಾಕ್ರಿ.
ತಾಟು ಮುಚ್ಚಬ್ಯಾಡ್ರಿ,
ಮುಚ್ಚಿದ್ರ ಮುನಿಸ್ಕೋತದ.'

ಸಂಜೆ, ಕಲಬುರಗಿ.
ಕಂಪ್ಯೂಟರಿನ ಬಂಡೆಪ್ಪ ಏಳನೆಯ ಕಾಲಮ್ಮಿನಲ್ಲಿ ನಿಂತುಬಿಟ್ಟ.
'ಖಾಲಿ ಬಿಟ್ರ ಇದು ಮುಂದಕ ಹೋಗಲ್ಲ ರೀ.'
ಯೋಚಿಸಿದ, ಚಹಾ ಗುಟುಕರಿಸಿದ,
ಎರಡೇ ಅಕ್ಷರ ಕುಟ್ಟಿದ: ಇಲ್ಲ.
ಮುಂದಕ್ಕೆ ಹೋಯಿತು.

ಹೀಗಾಗಿ ಸರ್ಕಾರದ ಲೆಕ್ಕದಲ್ಲಿ
ಕುಂಚಾವರಂ ದಿನ್ನೆಯ ಮೇಲೆ
ನೂರಾ ನಲವತ್ತು ಇಲ್ಲ ಇವೆ.
ಸರಾಸರಿ ಎತ್ತರ ಮೂರಡಿ.
ಚಿಗುರಿನ ಬಣ್ಣ ತಾಮ್ರ.

ಬ್ರಹ್ಮಪುರದ ಬಾಡಿಗೆ ಕೋಣೆಯಲ್ಲಿ ಒಗ್ಗರಣೆ ಚಟಪಟಿಸಿತು.
ಕೋಣೆಯ ಜೊತೆಗಾತಿ ಎಸ್ತೇರ್, ಬೀದರದ ನರ್ಸಮ್ಮ,
ರಾತ್ರಿ ಪಾಳಿಗೆ ಜಡೆ ಹಾಕಿಕೊಳ್ಳುತ್ತಲೇ ಬಂದು ಬಗ್ಗಿ ಮೂಸಿದಳು.
'ಯಾತರ ಪಲ್ಯ?'
'ಇಲ್ಲದ್ದು.'

ಪಲ್ಯ ನೆಂಚಿಕೊಂಡು ರೊಟ್ಟಿ ತಿಂದಳು. ಎರಡನೆಯದನ್ನೂ ತಿಂದಳು.
ಗಡಿಯಾರ ನೋಡಿದಳು, ನೋಡಿಯೂ ಕೂತಳು.
ತಾಟನ್ನು ಬೆರಳಿಂದ ಸವರಿ ನೆಕ್ಕಿ,
ಡ್ಯೂಟಿಯ ಬಿಳಿ ಸೀರೆಯ ಮೇಲೆ ಚೆಲ್ಲದಂತೆ ಮುಂದಕ್ಕೆ ಬಾಗಿ ಕೇಳಿದಳು,

'ಇಲ್ಲ ಇನ್ನಾ ಅದ ಏನು?'

ಬೋಗುಣಿ ಬಗ್ಗಿಸಿ ತೋರಿಸಿದೆ.